ಶೆಲ್ ಅಂಚಿನ ಅಲೆಅಲೆ ಹೋಗಿದ್ದು ಹೀಗೆ

ಕ್ರೋಶೆ (ಕೊಕ್ಕೆ ಹೆಣಿಗೆ) ಹೊದಿಕೆಗೆ ಚಿಪ್ಪಿನಾಕಾರದ ಶೆಲ್ ಅಂಚು ಹಾಕಿದಾಗ ಮೇಲೆ, ಕೆಳಗೆ ಚೆನ್ನಾಗಿಯೇ ಕೂತಿತು. ಎರಡು ಪಕ್ಕಗಳಲ್ಲಿ ಮಾತ್ರ ಲಂಗದ ನಿರಿಗೆಯ ಹಾಗೆ ಎದ್ದು ನಿಂತಿತು. ಒದ್ದೆ ಮಾಡಿ ಪಿನ್ ಚುಚ್ಚಿ ಒಣಗಿಸಿದರೂ ಬಗ್ಗಲಿಲ್ಲ.

ತೊಂದರೆ ಇದ್ದದ್ದು ಶೆಲ್‌ನಲ್ಲಲ್ಲ, ಅದರ ಕೆಳಗಿನ ಸಿಂಗಲ್ ಕ್ರೋಶೆ (ಗಿಡ್ಡ ಹೊಲಿಗೆ) ಸುತ್ತಿನಲ್ಲಿ. ಪಕ್ಕದಂಚಿನಲ್ಲಿ ಎಣಿಸಲು ಹೊಲಿಗೆಗಳೇ ಇರುವುದಿಲ್ಲ, ಬರೀ ಸಾಲುಗಳ ತುದಿ. ಡಬಲ್ ಕ್ರೋಶೆಯ (ಸಿಂಗಲ್‌ಗಿಂತ ಎತ್ತರದ ಹೊಲಿಗೆ) ಒಂದು ಸಾಲಿನ ತುದಿಗೆ 3 ಸಿಂಗಲ್ ಬಿದ್ದರೆ ಅಂಚು ಅಲೆಯಾಗುತ್ತದೆ, 1 ಬಿದ್ದರೆ ಒಳಕ್ಕೆ ಎಳೆಯುತ್ತದೆ. ಬಿಚ್ಚಿ, ಸಾಲಿಗೆ 2ರಂತೆ, ಮೂಲೆಗೆ 3 ಹಾಕಿದೆ. ತುದಿಯ ದೊಡ್ಡ ಕಂಡಿಗೆ ಹುಕ್ ತೂರಿಸದೆ ಎಳೆಗಳ ಮಧ್ಯೆಯೇ ಚುಚ್ಚಿದ್ದರಿಂದ ತೂತುಗಳೂ ಕಾಣಲಿಲ್ಲ.

ಆಮೇಲೆ ಶೆಲ್: ಒಂದು ಸಿಂಗಲ್, 2 ಹೊಲಿಗೆ ಬಿಟ್ಟು ಮುಂದಿನದರಲ್ಲೇ 5 ಡಬಲ್, ಮತ್ತೆ 2 ಬಿಡುವುದು. ಒಂದು ಆವರ್ತನೆಗೆ 6 ಹೊಲಿಗೆ ಬೇಕು. ಲೆಕ್ಕಕ್ಕೆ ಒಂದೆರಡು ಹೆಚ್ಚುಕಮ್ಮಿಯಾದರೆ ಬಿಚ್ಚುವ ಗೋಜು ಬೇಡ. ಪಕ್ಕದ ನಡುಭಾಗದಲ್ಲೆಲ್ಲಾದರೂ 2ರ ಬದಲು 3 ಅಥವಾ 1 ಬಿಟ್ಟರಾಯಿತು, ಯಾರ ಕಣ್ಣಿಗೂ ಬೀಳದು. ಮೂಲೆಯ ಶೆಲ್‌ಗೆ ಮಾತ್ರ 7 ಡಬಲ್ ಹಾಕಿ, ಇಲ್ಲದಿದ್ದರೆ ಮೂಲೆ ಮುದುಡಿಕೊಳ್ಳುತ್ತದೆ.