ರಕ್ತನಾಳದ ತೊಂದರೆಯಿಂದ ಬರುವ ಮರೆಗುಳಿತನ: ಮನೆಯವರು ಮಾಡಬೇಕಾದದ್ದು

ಮಿದುಳಿನ ರಕ್ತನಾಳಗಳು ಕಟ್ಟಿಕೊಂಡಾಗ ಅಥವಾ ಒಡೆದಾಗ ಉಂಟಾಗುವ ವ್ಯಾಸ್ಕ್ಯುಲರ್ ಡಿಮೆನ್ಷಿಯಾದಲ್ಲಿ, ಮರೆವಿಗಿಂತ ಮೊದಲು ಯೋಚನೆ ನಿಧಾನವಾಗುವುದು, ಹಣಕಾಸಿನ ಲೆಕ್ಕ ತಪ್ಪುವುದು, ನಡಿಗೆ ತೊಡಕಾಗುವುದು ಕಾಣಿಸಿಕೊಳ್ಳಬಹುದು. ಇದನ್ನು ವಯಸ್ಸಿನ ಸಹಜ ಮರೆವೆಂದು ಬಿಡದೆ ನರರೋಗ ತಜ್ಞರಿಗೆ ತೋರಿಸಿ; ಮಿದುಳಿನ ಸ್ಕ್ಯಾನ್ ಜೊತೆಗೆ ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗಳೂ ಅಗತ್ಯ, ಏಕೆಂದರೆ ಅವುಗಳ ಕೊರತೆಯಿಂದಾದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು.

ಮಿದುಳಿನ ನಾಶವಾದ ಭಾಗ ಮರಳಿ ಬಾರದು. ಮುಂದಿನ ಹಾನಿಯನ್ನು ತಡೆಯುವುದೇ ಆರೈಕೆಯ ತಿರುಳು, ಅದರಲ್ಲಿ ಮೊದಲ ಸ್ಥಾನ ರಕ್ತದೊತ್ತಡದ ನಿಯಂತ್ರಣಕ್ಕೆ. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಒತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿಯಿದ್ದವರಲ್ಲಿ ಆರಂಭಿಕ ಹಂತದ ಅರಿವಿನ ಕುಂದು ಕಡಿಮೆ ಕಂಡುಬಂದಿತ್ತು. ಆದರೆ ಮಧುಮೇಹ ಅಥವಾ ಪಾರ್ಶ್ವವಾಯು ಆದವರನ್ನು ಅದರಲ್ಲಿ ಸೇರಿಸಿರಲಿಲ್ಲವಾದ್ದರಿಂದ, ನಿಮ್ಮ ಮನೆಯ ಹಿರಿಯರ ಗುರಿಯನ್ನು ವೈದ್ಯರೇ ನಿರ್ಧರಿಸಲಿ. ಒತ್ತಡ ಸರಿಯಾಯಿತೆಂದು ಮಾತ್ರೆ ನಿಲ್ಲಿಸುವ ರೂಢಿ ನಿಜಕ್ಕೂ ಅಪಾಯಕಾರಿ. ದಿನದ ಉಪ್ಪು 5 ಗ್ರಾಂ ಮೀರದಂತೆ ಉಪ್ಪಿನಕಾಯಿ, ಹಪ್ಪಳಗಳನ್ನು ಮಿತಗೊಳಿಸಿ. ತಂಬಾಕನ್ನು ಪೂರ್ತಿ ಬಿಡಿಸಿ.

ಅವರೊಡನೆ ಮಾತನಾಡುವಾಗ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಮುಖ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು; ತಕ್ಷಣ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.