ಮಗನಿಗೋ ಮಗಳಿಗೋ ಡೆಂಗಿ ಬಂದು ವಾಸಿಯಾದಾಗ: ಹೆತ್ತವರು ಯಾವಾಗ ನಿರಾಳರಾಗಬೇಕು, ಆಮೇಲೆ ಏನು ಮಾಡಬೇಕು

ದೂರದ ನಗರದಲ್ಲಿ ಕೆಲಸದಲ್ಲಿರುವ ಮಗನಿಗೋ ಮಗಳಿಗೋ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂಬ ಫೋನು ಬಂದೊಡನೆ ಊರಲ್ಲಿರುವ ತಂದೆ ತಾಯಿ ರಾತ್ರಿ ಬಸ್ಸು ಹತ್ತುತ್ತಾರೆ. ಅಲ್ಲಿಂದ ಮುಂದೆ ರಕ್ತಪರೀಕ್ಷೆಯ ಅಂಕಿಯ ಏರಿಳಿತವೇ ಅವರ ಹಗಲೂ ರಾತ್ರಿಯೂ ಆಗುತ್ತದೆ. ಆ ಅಂಕಿ ಮೇಲೇಳತೊಡಗಿದ ನಂತರ ಹೇಗೆ ನಡೆದುಕೊಳ್ಳಬೇಕು ಎಂಬುದು ಇಲ್ಲಿನ ವಿಷಯ. ಈ ರೋಗದಲ್ಲಿ ಅವಧಿಗೆ ಮುನ್ನವೇ ನಿರಾಳರಾದರೆ ಅಪಾಯವಿದೆ, ಅವಧಿ ಮೀರಿದ ಮೇಲೂ ಆತಂಕವನ್ನು ಬಿಡದಿದ್ದರೆ ಬೆಳೆದ ಮಕ್ಕಳಿಗೆ ಉಸಿರುಕಟ್ಟುತ್ತದೆ.

ಮೊದಲು ತಿಳಿಯಬೇಕಾದದ್ದು, ಜ್ವರ ಬಿಟ್ಟ ದಿನ ನೆಮ್ಮದಿಯ ದಿನವಲ್ಲ ಎಂಬುದನ್ನು. ಜ್ವರ ಸಾಮಾನ್ಯವಾಗಿ 2ರಿಂದ 7 ದಿನ ಕಾಯುತ್ತದೆ; ಅದು ಇಳಿಯುವ ಹೊತ್ತಿಗೇ, ಅಂದರೆ ಹೆಚ್ಚಾಗಿ 3ರಿಂದ 7ನೆಯ ದಿನದ ನಡುವೆ, ಕೆಲವರಲ್ಲಿ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ 24ರಿಂದ 48 ಗಂಟೆಗಳ ಘಟ್ಟ ಎದುರಾಗುತ್ತದೆ. ಮೈ ತಣ್ಣಗಾಯಿತೆಂದು ಹಣೆ ಮುಟ್ಟಿ ನೋಡಿ ಮನೆಯವರಿಗೆಲ್ಲ ಶುಭವಾರ್ತೆ ಮುಟ್ಟಿಸುವ ಆ ಹೊತ್ತಿನಲ್ಲೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕಪ್ಪು ಮಲ, ತಡೆಯಲಾಗದ ಚಡಪಡಿಕೆ ಅಥವಾ ಮಂಪರು ಕಂಡರೆ ಒಂದು ಕ್ಷಣವೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಜ್ವರದ ಮಾತ್ರೆಯಿಲ್ಲದೆಯೇ ಕನಿಷ್ಠ 24 ಗಂಟೆ ಜ್ವರವಿಲ್ಲದೆ ಕಳೆದಿರಬೇಕು, ಹಸಿವು ಮರಳಿರಬೇಕು, ಮೂತ್ರ ಚೆನ್ನಾಗಿ ಹೋಗುತ್ತಿರಬೇಕು, ಉಸಿರಾಟ ಸಲೀಸಾಗಿರಬೇಕು, ಪ್ಲೇಟ್‌ಲೆಟ್ 50,000 ದಾಟಿ ಏರುಮುಖದಲ್ಲಿರಬೇಕು. ಇವೆಲ್ಲ ಒಟ್ಟಿಗೆ ಇದ್ದಾಗ ವೈದ್ಯರು ಸಾಮಾನ್ಯವಾಗಿ ಮನೆಗೆ ಕಳುಹಿಸುತ್ತಾರೆ. ನೀವು ನಿಜವಾಗಿ ನಿರಾಳರಾಗಬಹುದಾದ ದಿನ ಅದು. ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುವ ಅಂಕಿ 60,000ದಲ್ಲೇ ಇದೆಯಲ್ಲ ಎಂದು ಆಸ್ಪತ್ರೆಯ ಬಾಗಿಲಲ್ಲಿ ವಾದಕ್ಕೆ ನಿಲ್ಲುವ ಅಗತ್ಯವಿಲ್ಲ, ಏಕೆಂದರೆ ಏರತೊಡಗಿದ ಅಂಕಿ ಮನೆಯಲ್ಲೂ ಏರುತ್ತದೆ.

ಮನೆಗೋ ಬಾಡಿಗೆ ಕೋಣೆಗೋ ಬಂದ ಮೇಲೆ ಹೆತ್ತವರನ್ನು ಮತ್ತೆ ಹೆದರಿಸುವುದು ತುರಿಕೆ. ಅಂಗೈ, ಅಂಗಾಲುಗಳಲ್ಲಿ ವಿಪರೀತ ತುರಿಕೆ ಆಗಬಹುದು, ಕೈಕಾಲು ಕೆಂಪಾಗಿ ನಡುನಡುವೆ ಬಿಳಿಯ ಚುಕ್ಕೆಗಳು ಉಳಿಯಬಹುದು. ನೋಡಲು ಭೀಕರವೆನಿಸಿದರೂ ಇದು ಚೇತರಿಕೆಯ ಕಾಲದ ದದ್ದೇ ಆಗಿದ್ದು, ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ಆಹಾರದಲ್ಲಿ ಗಂಜಿ, ತಿಳಿಸಾರು ಅನ್ನ, ಮಜ್ಜಿಗೆ, ಎಳನೀರು, ಹಸಿವಾದಷ್ಟು ಸಾಕು. ಪರಂಗಿ ಎಲೆಯ ರಸವನ್ನು ಮೂಗು ಹಿಡಿದು ಕುಡಿಸುವುದರಿಂದ ಈಗಷ್ಟೇ ಸುಧಾರಿಸಿದ ಹೊಟ್ಟೆ ಮತ್ತೆ ತೊಳಸುವುದೇ ಹೆಚ್ಚು, ನನ್ನ ಮಟ್ಟಿಗೆ ಅದು ಬೇಡ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮಾತ್ರೆಗಳನ್ನು ವೈದ್ಯರು ಒಪ್ಪುವ ತನಕ ಕೊಡಬಾರದು, ಏಕೆಂದರೆ ಅವು ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ನಂಟರು ನೋಡಲು ಬರುತ್ತೇವೆ ಎಂದರೆ ಒಂದೆರಡು ವಾರ ಮುಂದೂಡಿಸಿ. ಹರಕೆಯ ವಿಷಯದಲ್ಲೂ ಹಾಗೆಯೇ: ಐ.ಸಿ.ಯು. ಬಾಗಿಲಲ್ಲಿ ನಿಂತು ಹೊತ್ತ ಹರಕೆ ಹೆತ್ತವರದು, ಅದನ್ನು ತೀರಿಸುವ ಹೊಣೆಯೂ ಅವರದೇ. ನಿಶ್ಶಕ್ತಿಯಲ್ಲಿರುವ ಮಗನನ್ನು ಮರುವಾರವೇ ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಕಿಲ್ಲ. ಮಗಳ ಮುಡಿ ಕೊಡುತ್ತೇನೆಂದು ಹೊತ್ತಿದ್ದರಂತೂ ಮೊದಲು ಮಗಳನ್ನು ಕೇಳಿ. ಯಾರೋ ದಾನಿಯ ಪ್ಲೇಟ್‌ಲೆಟ್ ಪಡೆದಿದ್ದರೆ ಆ ಋಣವನ್ನು ತಕ್ಷಣ ತೀರಿಸಲು ಮಕ್ಕಳಿಂದಾಗದು, ಡೆಂಗಿ ಪೂರ್ಣ ವಾಸಿಯಾದ ಮೇಲೆ 6 ತಿಂಗಳು ರಕ್ತದಾನ ಮಾಡುವಂತಿಲ್ಲ. ನಿಮ್ಮ ವಯಸ್ಸು, ಆರೋಗ್ಯ ಒಪ್ಪುವುದಾದರೆ ನೀವೇ ಕೊಡಬಹುದು.

ಅತಿ ಕಷ್ಟದ ಭಾಗ ಮಾತಿನದು. ಒಳಗೆ ತುಂಬಿಕೊಂಡ ಭಯ ನೆಮ್ಮದಿಯಾದೊಡನೆ ಬೈಗುಳವಾಗಿ ಹೊರಬರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ: ಹೊರಗಿನ ಊಟ, ರಾತ್ರಿ ಪಾಳಿ, ತೆರೆದಿಟ್ಟ ಕಿಟಕಿ, ಮದುವೆಗೆ ಒಪ್ಪದಿರುವುದು, ಎಲ್ಲವೂ ಒಂದೇ ಉಸಿರಿಗೆ ರೋಗದ ಕಾರಣಗಳಾಗಿ ನಿಲ್ಲುತ್ತವೆ. ಡೆಂಗಿ ತರುವುದು ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆ, ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಅಳು ಬಂದರೆ ಮಕ್ಕಳೆದುರೇ ಅತ್ತುಬಿಡಿ, “ತುಂಬಾ ಹೆದರಿದ್ದೆ ಕಣಪ್ಪಾ” ಎಂದು ನೇರವಾಗಿ ಹೇಳಿ. ಬೈದದ್ದಕ್ಕಿಂತ ಅದು ಅವರಿಗೆ ಬೇಗ ಅರ್ಥವಾಗುತ್ತದೆ. ಕೆಲಸ ಬಿಟ್ಟು ಊರಿಗೆ ಬಾ ಎಂಬ ಮಾತನ್ನು ಈ ದಿನಗಳಲ್ಲಿ ಎತ್ತದಿರುವುದು ವಿವೇಕ. ಊರಿಗೆ ಹೊರಡುವ ಮುನ್ನ ದಿನಕ್ಕೊಮ್ಮೆ ಯಾವ ಹೊತ್ತಿಗೆ ಫೋನು ಮಾಡುವುದೆಂದು ಇಬ್ಬರೂ ಮಾತಾಡಿಕೊಳ್ಳಿ, ಉಳಿದ ಹೊತ್ತಿನಲ್ಲಿ ವಿಡಿಯೊ ಕರೆ ಮಾಡಿ ನಾಲಗೆ ತೋರಿಸು, ಕೈ ತೋರಿಸು ಎನ್ನಬೇಡಿ. ಹಲವು ವಾರ ಸುಸ್ತು ಉಳಿಯಬಹುದಾದ್ದರಿಂದ ಕೆಲಸಕ್ಕೆ ಯಾವಾಗ ಮರಳಬೇಕೆಂಬುದನ್ನು ವೈದ್ಯರೂ ಅವರೂ ಸೇರಿ ತೀರ್ಮಾನಿಸಲಿ.

ಈ ನಡುವೆ ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಆಸ್ಪತ್ರೆಯ ಕುರ್ಚಿಯಲ್ಲಿ ರಾತ್ರಿ ಕಳೆದವರು ತಮ್ಮ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಪ್ಪಿಸಿರುವುದೇ ಹೆಚ್ಚು.

ಹೊರಡುವ ಮುನ್ನ ಕೈಯಲ್ಲಿ ಏನಾದರೂ ಕೆಲಸ ಬೇಕೆನಿಸಿದರೆ ಕೋಣೆಯ ನೀರಿನ ಪಾತ್ರೆಗಳನ್ನು ಹಿಡಿಯಿರಿ. ಈಡಿಸ್ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ಚೆಲ್ಲಿದರೆ ಸಾಲದು, ಡ್ರಮ್ಮು, ಬಕೆಟ್ಟು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಇವನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ತೆರೆದ ಸಂಪು ಮನೆ ಮಾಲೀಕರದಾದರೆ ಅವರಿಗೆ ಹೇಳಲು ಸಂಕೋಚ ಬೇಡ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿದೆ. ಜೊತೆಯಲ್ಲಿರುವ ಸ್ನೇಹಿತರಿಗೆ ಎರಡು ವಾರದೊಳಗೆ ಜ್ವರ ಬಂದರೆ ಪರೀಕ್ಷೆ ಮಾಡಿಸಲು ಹೇಳಿಡಿ.

ಎರಡು ಮೂರು ತಿಂಗಳ ನಂತರ “ಅಮ್ಮಾ, ಕೂದಲು ಕಂತೆಕಂತೆಯಾಗಿ ಉದುರುತ್ತಿದೆ” ಎಂಬ ಕರೆ ಬರಬಹುದು. ದೊಡ್ಡ ಜ್ವರದ ಬಳಿಕ ಹೀಗಾಗುವುದುಂಟು, ಸಾಮಾನ್ಯವಾಗಿ ಕೂದಲು ಮತ್ತೆ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಡಿಸ್ಚಾರ್ಜ್ ಸಾರಾಂಶ ಮತ್ತು ಡೆಂಗಿ ಪರೀಕ್ಷೆಯ ವರದಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿದ್ದು, ಒಂದು ಬಗೆಯ ಸೋಂಕು ಅದರ ವಿರುದ್ಧ ಮಾತ್ರ ದೀರ್ಘಕಾಲದ ರಕ್ಷಣೆ ಕೊಡುತ್ತದೆ. ಮುಂದೆ ಇನ್ನೊಂದು ಬಗೆ ತಗುಲಿದರೆ ರೋಗ ತೀವ್ರವಾಗುವ ಸಾಧ್ಯತೆ ಮೊದಲಿಗಿಂತ ಹೆಚ್ಚು. ಆದ್ದರಿಂದ ಆ ಕಾಗದಗಳ ಒಂದು ಪ್ರತಿ ನಿಮ್ಮ ಬಳಿಯಲ್ಲೂ ಒಂದು ಅವರ ಫೋನಿನಲ್ಲೂ ಇರಲಿ, ಮುಂದಿನ ಮಳೆಗಾಲದಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನನ್ನೂ ತಾವಾಗಿ ನುಂಗದೆ, ಹಿಂದೊಮ್ಮೆ ಡೆಂಗಿ ಆಗಿತ್ತೆಂದು ವೈದ್ಯರಿಗೆ ಮೊದಲೇ ಹೇಳಲಿ.