ಭಸ್ತ್ರಿಕಾ: 12ಕ್ಕೆ ನಿಲ್ಲಿಸಿದ ಮೇಲೆ ಕೈಹತ್ತಿದ್ದು

ಭಸ್ತ್ರಿಕಾ ಅಂದರೆ ಕಮ್ಮಾರನ ತಿದಿಯ ಹಾಗೆ ಜೋರಾಗಿ ಉಸಿರು ತುಂಬಿ, ಜೋರಾಗಿ ಬಿಡುವ ಪ್ರಾಣಾಯಾಮ. ಅದಕ್ಕೆ ಒಂದು ಸುತ್ತಿಗೆ 12 ಉಸಿರು ಸಾಕು ಎಂದಾಗ ಜೊತೆಗೆ ಅಭ್ಯಾಸ ಮಾಡುವವರೆಲ್ಲ ನಕ್ಕಿದ್ದರು. “ಅದು ಭಸ್ತ್ರಿಕಾ ಅಲ್ಲ ಮಾರಾಯ, ನಿಟ್ಟುಸಿರು” ಅಂದಿದ್ದನೊಬ್ಬ. ಹೆಚ್ಚುಕಡಿಮೆ ಒಂದೂವರೆ ವರ್ಷವಾಯಿತು, ಅಭ್ಯಾಸದಲ್ಲಿ ಒಂದು ದಿನವೂ ತಲೆ ತಿರುಗಿಲ್ಲ. ಈಗ ಅವನೇ “ಸ್ವಲ್ಪ ತೋರ್ಸೋ” ಅಂತಾನೆ.

ಮೊದಲು ಕೆಟ್ಟ ಕಥೆ. ಒಂದು ಶಿಬಿರಕ್ಕೆ ಅರ್ಧ ತಿಂಗಳ ಸಂಬಳದಷ್ಟು ಕಟ್ಟಿದ್ದೆ. ಎರಡನೇ ದಿನವೇ ತಾಳ ಹಾಕಿ, ಬಿಡುವಿಲ್ಲದೆ 100 ಮಾಡಿಸಿದರು. 70ರ ಸುಮಾರಿಗೆ ತುಟಿಯ ಸುತ್ತ ಜುಮುಜುಮು. ಆಮೇಲೆ ಹೆಬ್ಬೆರಳು ಅಂಗೈಗೆ ಮಡಚಿಕೊಂಡು, ಉಳಿದ ಬೆರಳು ಹಕ್ಕಿಯ ಕೊಕ್ಕಿನ ಹಾಗೆ ಸೆಟೆದು ಕೂಡಿಕೊಂಡವು. “ಶಕ್ತಿ ಏಳ್ತಿದೆ, ಮುಂದುವರಿಸಿ” ಎಂದರು ಕಲಿಸುವವರು. ಯಾವ ಶಕ್ತಿಯೂ ಏಳಲಿಲ್ಲ. ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗಿತ್ತು, ಅಷ್ಟೆ. ಹೆದರಿ ಮಾಡಿಸಿದ ಪರೀಕ್ಷೆಗಳಿಗೆ ಉಳಿದರ್ಧ ಸಂಬಳವೂ ಕರಗಿತು. ಅದನ್ನು ದಂಡ ಅನ್ನಲಾರೆ. ಬಿಪಿ, ಹೃದಯ, ಕಣ್ಣಿನ ಒತ್ತಡ ಸರಿಯಿದೆ ಅಂತ ಗೊತ್ತಾಯಿತು. ಇವುಗಳಲ್ಲಿ ತೊಂದರೆ ಇರುವವರು, ಹರ್ನಿಯಾ ಅಥವಾ ಮೂರ್ಛೆರೋಗ ಇರುವವರು, ಗರ್ಭಿಣಿಯರು ನನ್ನ ಲೆಕ್ಕ ಹಿಡಿದು ಕೂರಬೇಡಿ.

ತಪ್ಪು ಸಿಕ್ಕಿದ್ದು ಒಂದು ಹಳೇ ಹತ್ತಿ ಶಲ್ಯದಿಂದ. ಕೆಳಪಕ್ಕೆಲುಬಿನ ಸುತ್ತ ಸುತ್ತಿ, ಮುಂದೆ ಗಂಟು ಹಾಕಿ ಕೂತೆ. ಉಸಿರು ತೆಗೆದುಕೊಂಡಾಗ ಶಲ್ಯ ಬಿಗಿಯಬೇಕು, ಬಿಟ್ಟಾಗ ಸಡಿಲಾಗಬೇಕು. ಮೊದಲ ಏಳೆಂಟು ಉಸಿರು ಸರಿಯಾಗಿತ್ತು. 12 ದಾಟಿದ್ದೇ ತಡ, ಬಿಗಿಯುವುದೇ ನಿಂತುಹೋಯಿತು. ಭುಜ ಮಾತ್ರ ಕುಣಿಯುತ್ತಿತ್ತು. ಬಿಡುವುದಷ್ಟೇ ಜೋರು, ಒಳಗೆ ತುಂಬುವುದು ಸೊನ್ನೆ. ಹೆಸರು ಭಸ್ತ್ರಿಕಾ, ಮಾಡುತ್ತಿದ್ದುದು ಕೆಟ್ಟ ಕಪಾಲಭಾತಿ, ಅಂದರೆ ಬಿಡುವುದಕ್ಕಷ್ಟೇ ಬಲ ಹಾಕುವ ಇನ್ನೊಂದು ಅಭ್ಯಾಸ. ತಿದಿ ತುಂಬದೆ ಒತ್ತಿದರೆ ಕುಲುಮೆಗೆ ಏನು ಗಾಳಿ ಹೋದೀತು?

ಆವತ್ತಿಂದ ಶಲ್ಯ ಬಿಗಿಯದ ಉಸಿರಿಗೇ ಸುತ್ತು ಮುಗಿಯಿತು. ಎರಡು ಸೆಕೆಂಡಿಗೆ ಒಂದು ಉಸಿರು, 12 ಸಲ, ಮೂರು ಸುತ್ತು. ನಡುವೆ ಗಡಿಯಾರ ನೋಡುವುದಿಲ್ಲ. ಉಸಿರು ತಾನಾಗಿ ತಣ್ಣಗಾಗಿ, ಒಂದು ಉದ್ದ ವಾಕ್ಯ ತಡೆಯದೆ ಹೇಳಲು ಬಂದರೆ ಮುಂದಿನ ಸುತ್ತು. ವೇಗ ಸೆಕೆಂಡಿಗೊಂದಕ್ಕೆ ಬರಲು ನಾಲ್ಕು ತಿಂಗಳೇ ಹಿಡಿದಿರಬೇಕು.

ಗೆಳೆಯ ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥ ಹಿಡಿದು ಬಂದ: “ಕಮ್ಮಾರನ ತಿದಿಯಂತೆ ವೇಗವಾಗಿ ಅಂತಿದೆ, ನೋಡು.” ಇದೆ, ಇಲ್ಲ ಅನ್ನಲಿಲ್ಲ. ಅಲ್ಲೇ ಮುಂದೆ, ದೇಹಕ್ಕೆ ಶ್ರಮವಾದಾಗ ಬಲಮೂಗಿನಿಂದ ಉಸಿರು ತುಂಬಿಕೋ ಅಂತಲೂ ಇದೆ. 100ರ ಲೆಕ್ಕ ಎಲ್ಲಿದೆ ಅಂತ ಕೇಳಿದೆ. ಪುಸ್ತಕ ಮಡಚಿಟ್ಟ.

ಆಕ್ಸಿಮೀಟರ್ ಕೊಂಡದ್ದು ಮಾತ್ರ ಶುದ್ಧ ದಂಡ. ಒಮ್ಮೆ ಬೇಕೆಂದೇ ಜೋರಾಗಿ ಊದಿ, ತಲೆ ತೇಲುವಾಗ ನೋಡಿದರೆ 99 ತೋರಿಸುತ್ತಿದೆ! ಅದು ನೋಡುವುದು ಆಮ್ಲಜನಕವನ್ನು, ಕಳೆದುಹೋಗುತ್ತಿದ್ದುದು ಬೇರೆ. ರಾತ್ರಿ ಮಲಗುವ ಮುಂಚೆಯೂ ಒಂದು ವಾರ ಮಾಡಿ ನೋಡಿದೆ, ಎರಡರವರೆಗೆ ಕಣ್ಣು ಪಿಳಿಪಿಳಿ. ಬೆಳಗಿನ ಖಾಲಿ ಹೊಟ್ಟೆಯೇ ಸರಿ.

ಕೊನೆಯ ಸುತ್ತಿನ ಕುಂಭಕ (ಉಸಿರು ಹಿಡಿಯುವುದು), ಬಂಧ (ಗಂಟಲು, ಹೊಟ್ಟೆ ಮುಂತಾದ ಕಡೆ ಬಿಗಿಹಿಡಿಯುವುದು) ಹೇಗೆ ಸೇರಿಸಿದೆ ಅಂತ ಇಲ್ಲಿ ಬರೆಯಲಾರೆ. ಅದನ್ನು ಎದುರಿಗೆ ಕೂರಿಸಿಕೊಂಡು, ಮುಖದ ಬಣ್ಣ ನೋಡುತ್ತಲೇ ಹೇಳಿಕೊಡಬೇಕು. ನಾಲಿಗೆಯದೂ ಒಂದು ಸಣ್ಣ ಮರ್ಮ ಇದೆ, ಅದೂ ನನ್ನಲ್ಲೇ ಇರಲಿ.

ನಿನ್ನೆ ಎಡಮೂಗು ಕಟ್ಟಿತ್ತು. ಐದನೆಯದಕ್ಕೇ ಶಲ್ಯ ಸಡಿಲ. ಎದ್ದುಬಿಟ್ಟೆ.